2017ರ ಲ್ಯಾಪ್‌ಟಾಪ್, 1050 ಟಿಐ: ಈಗಿನ ದೊಡ್ಡ ಆಟಗಳನ್ನು ಎಷ್ಟರ ಮಟ್ಟಿಗೆ ಎಳೆಯುತ್ತದೆ?

ಜೋರಾಪುರಪೇಟೆ (ವಿಜಯಪುರ)

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ 2017ರಲ್ಲಿ ತಗೊಂಡ ಲ್ಯಾಪ್‌ಟಾಪ್ ಇದೆ. ಐ5-7300ಎಚ್‌ಕ್ಯೂ ಪ್ರೊಸೆಸರ್, 4 ಜಿಬಿಯ ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಚಿಪ್, 8 ಜಿಬಿ ರ‍್ಯಾಮ್ (ಒಂದೇ ಸ್ಟಿಕ್), 1 ಟಿಬಿ ಹಾರ್ಡ್ ಡಿಸ್ಕ್. ಪರದೆ 1080ಪಿ.

ತಮ್ಮ ಪಿಯುಸಿ ಮುಗಿಸಿದ್ದಾನೆ. ಸೈಬರ್‌ಪಂಕ್ 2077, ರೆಡ್ ಡೆಡ್ ರಿಡೆಂಪ್ಷನ್ 2 ಆಡಬೇಕು ಅಂತ ಅವನ ಆಸೆ. ಹೊಸ ಲ್ಯಾಪ್‌ಟಾಪ್ ಕೊಡಿಸಲು ಅಪ್ಪ ತಯಾರಿದ್ದಾರೆ. ಆದರೆ ಯಾವ ಕಾಲೇಜು, ಯಾವ ಬ್ರ್ಯಾಂಚ್ ಸಿಗುತ್ತದೆ ಅಂತ ನೋಡಿಕೊಂಡು ತಗೊಳ್ಳೋಣ ಅಂತಾರೆ. ಅದು ಸರಿಯಾದ ಮಾತೇ. ಅಲ್ಲಿಯವರೆಗೆ ಈ ಹಳೇ ಮಷೀನಿನಲ್ಲಿ ಏನು ಸಾಧ್ಯ ಅಂತ ಸರಿಯಾಗಿ ಪರೀಕ್ಷೆ ಮಾಡಿ ತಿಳಿಯಬೇಕು.

ಮೊದಲ ಸುತ್ತು ಓಡಿಸಿ ನೋಡಿದೆ. ಸೈಬರ್‌ಪಂಕ್‌ನಲ್ಲೇ ಇರುವ ಬೆಂಚ್‌ಮಾರ್ಕ್ (ವೇಗ ಅಳೆಯುವ ಪರೀಕ್ಷೆ), 1080ಪಿ, ಎಲ್ಲವೂ ಲೋ. ಸರಾಸರಿ 26 ಎಫ್‌ಪಿಎಸ್ (ಸೆಕೆಂಡಿಗೆ ಇಷ್ಟು ಫ್ರೇಮ್, ಅಂದರೆ ಚಿತ್ರ) ಬಂತು. ನಡುನಡುವೆ 10ಕ್ಕಿಂತ ಕೆಳಗೆ ಬಿದ್ದು ಜರ್ಕ್ ಹೊಡೆಯುತ್ತದೆ. ರೆಡ್ ಡೆಡ್‌ನಲ್ಲಿ ಸರಾಸರಿ 33, ಆದರೆ ಕುದುರೆ ಓಡಿಸುವಾಗ ಅಲ್ಲಲ್ಲಿ ನಿಂತು ನಿಂತು ಹೋಗುತ್ತದೆ. ಪ್ರೊಸೆಸರ್ 97 ಡಿಗ್ರಿ, ಗ್ರಾಫಿಕ್ಸ್ ಚಿಪ್ 86 ಡಿಗ್ರಿ. ನಮ್ಮ ಊರಿನ ಮೇ ತಿಂಗಳ ಬಿಸಿಲು ನಿಮಗೆ ಗೊತ್ತೇ ಇದೆ. ಕೋಣೆಯೊಳಗೇ 36 ಡಿಗ್ರಿ ಇತ್ತು.

ಈ ಸಂಖ್ಯೆಗಳನ್ನು ನಂಬಬಹುದಾ? ಚಿಪ್ಪಿನ ತಾಕತ್ತೇ ಇಷ್ಟಾ, ಅಥವಾ ಬೇರೆ ಏನೋ ಹಿಡಿದಿಟ್ಟಿದೆಯಾ? ಇದನ್ನು ಬಿಡಿಸಿ ನೋಡುವುದು ಹೇಗೆ? ಗೊತ್ತಿರುವವರು ದಯವಿಟ್ಟು ಹೇಳಿ.

ಟಿಳಕವಾಡಿ_ತಂತಿ (ಬೆಳಗಾವಿ)

ಒಳ್ಳೆಯ ಪ್ರಶ್ನೆ ಅಣ್ಣಾ. ಜಾಸ್ತಿ ಜನ ಸರಾಸರಿ ಎಫ್‌ಪಿಎಸ್ ನೋಡಿ ತೀರ್ಮಾನ ಮಾಡಿಬಿಡುತ್ತಾರೆ. ಹಳೇ ಲ್ಯಾಪ್‌ಟಾಪಿನಲ್ಲಿ ಸರಾಸರಿಯಿಂದ ಏನೂ ತಿಳಿಯುವುದಿಲ್ಲ.

ನೀವು ನೋಡಬೇಕಾದದ್ದು ಒಂದೊಂದು ಫ್ರೇಮ್ ತಯಾರಾಗಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು. 60 ಎಫ್‌ಪಿಎಸ್ ಅಂದರೆ ಒಂದು ಫ್ರೇಮಿಗೆ 16.7 ಮಿಲಿಸೆಕೆಂಡ್. 30 ಅಂದರೆ 33.3. ಪ್ರತಿ ಫ್ರೇಮೂ 33ರ ಹತ್ತಿರ ಬಂದರೆ ಆಟ ನುಣುಪಾಗಿ ಕಾಣುತ್ತದೆ. ಸರಾಸರಿ 45 ಇದ್ದರೂ ಆಗಾಗ ಒಂದು ಫ್ರೇಮ್ 150 ಮಿಲಿಸೆಕೆಂಡ್ ತಿಂದರೆ ಕಣ್ಣಿಗೆ ಜರ್ಕ್ ಗೊತ್ತಾಗುತ್ತದೆ. ನಿಮ್ಮ ರೆಡ್ ಡೆಡ್‌ನಲ್ಲಿ ಆಗುತ್ತಿರುವುದು ಅದೇ.

ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಅಳತೆಯ ತಂತ್ರಾಂಶ ಹಾಕಿಕೊಳ್ಳಿ. ಅದರ ಜೊತೆ ರಿವಾಟ್ಯೂನರ್ ಬರುತ್ತದೆ. ಎರಡೂ ಉಚಿತ. ಪರದೆ ಮೂಲೆಯಲ್ಲಿ ಇಷ್ಟು ಕಾಣುವಂತೆ ಮಾಡಿ: ಜಿಪಿಯು (ಗ್ರಾಫಿಕ್ಸ್ ಚಿಪ್) ಬಳಕೆ, ಜಿಪಿಯು ಕ್ಲಾಕ್ (ಅದರ ವೇಗ), ವಿಡಿಯೋ ಮೆಮೊರಿ, ರ‍್ಯಾಮ್, ಪ್ರತಿ ಕೋರಿನ ಬಳಕೆ, ಎರಡರ ಉಷ್ಣತೆ, ಫ್ರೇಮ್‌ಟೈಮ್ ಗೆರೆ. ಆಮೇಲೆ ಹೀಗೆ ಓದಿ. ಜಿಪಿಯು ಬಳಕೆ ಶೇ 95ಕ್ಕಿಂತ ಮೇಲಿದ್ದು ಗೆರೆ ಸಪಾಟಾಗಿದ್ದರೆ ಚಿಪ್ ತನ್ನ ಪೂರ್ತಿ ಕೆಲಸ ಮಾಡುತ್ತಿದೆ, ಅದರ ತಾಕತ್ತೇ ಅಷ್ಟು. ಜಿಪಿಯು 60-70ರಲ್ಲಿ ಆಡುತ್ತಾ ನಾಲ್ಕೂ ಕೋರ್ 100 ಮುಟ್ಟಿದ್ದರೆ ಪ್ರೊಸೆಸರ್ ಹಿಂದೆ ಬಿದ್ದಿದೆ. 7300ಎಚ್‌ಕ್ಯೂನಲ್ಲಿ ನಾಲ್ಕು ಕೋರ್, ನಾಲ್ಕೇ ಥ್ರೆಡ್. ಈಗಿನ ಆಟಗಳಿಗೆ ಇದು ಬಿಗಿ. ವಿಡಿಯೋ ಮೆಮೊರಿ 4 ಜಿಬಿ ತುಂಬಿ ಗೆರೆ ಮೇಲಕ್ಕೆ ಚಿಮ್ಮಿದರೆ ಟೆಕ್ಸ್ಚರ್ ಇಳಿಸಿ. ರ‍್ಯಾಮ್ ತುಂಬಿ ಡಿಸ್ಕ್ 100 ತೋರಿಸುತ್ತಿದ್ದರೆ ಆ ಜರ್ಕಿಗೂ ಗ್ರಾಫಿಕ್ಸ್ ಚಿಪ್ಪಿಗೂ ಸಂಬಂಧವೇ ಇಲ್ಲ.

ಇನ್ನೊಂದು ವಿಷಯ. ನಿಮ್ಮ ಪ್ರೊಸೆಸರ್ ಒಳಗೆ ಇಂಟೆಲ್‌ನ ಎಚ್‌ಡಿ 630 ಗ್ರಾಫಿಕ್ಸ್ ಕೂಡ ಇದೆ. ಕೆಲವೊಮ್ಮೆ ವಿಂಡೋಸ್ ಆಟವನ್ನು ಅದರ ಮೇಲೆ ಓಡಿಸಿಬಿಡುತ್ತದೆ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಗ್ರಾಫಿಕ್ಸ್ ಅಂತ ಇದೆ. ಅಲ್ಲಿ ಆಟವನ್ನು ಸೇರಿಸಿ ಹೈ ಪರ್ಫಾರ್ಮೆನ್ಸ್ ಆರಿಸಿ. ನಿಮ್ಮದು 26 ಬಂದಿರುವುದರಿಂದ ಸರಿಯಾದ ಚಿಪ್ಪೇ ಓಡುತ್ತಿದೆ. ಆದರೂ ಪ್ರತಿ ಆಟಕ್ಕೂ ಒಮ್ಮೆ ಖಾತ್ರಿ ಮಾಡಿಕೊಳ್ಳಿ.

ಸ್ಕ್ರೂಡ್ರೈವರ್_ಕಾಕಾ (ವಿಜಯಪುರ)

ತಮ್ಮಾ, ಸದ್ಯಕ್ಕೆ ಪರೀಕ್ಷೆ ನಿಲ್ಲಿಸು. 97 ಡಿಗ್ರಿಯಲ್ಲಿ ಬಂದ ಯಾವ ಸಂಖ್ಯೆಗೂ ಬೆಲೆ ಇಲ್ಲ.

ನಾನು ರಿಪೇರಿ ಅಂಗಡಿ ಇಟ್ಟವನು. ಈ ಪ್ರೊಸೆಸರ್ 100 ಡಿಗ್ರಿ ತಲುಪುವ ಹೊತ್ತಿಗೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಮೂಲ ವೇಗ 2.5 ಗಿಗಾಹರ್ಟ್ಸ್, ಒಂದು ಕೋರಿಗೆ ಟರ್ಬೊ 3.5. ಬಿಸಿಯಾದ ಮಷೀನಿನಲ್ಲಿ ಅದು 2.5ಕ್ಕಿಂತ ಕೆಳಗೂ ಹೋಗುತ್ತದೆ. ಜಿಪಿಯು ಕೂಡ ಬಿಸಿ ಏರಿದಂತೆ ಒಂದೊಂದೇ ಮೆಟ್ಟಿಲು ಇಳಿಯುತ್ತದೆ. ಜಾಸ್ತಿ ಲ್ಯಾಪ್‌ಟಾಪ್‌ಗಳಲ್ಲಿ ಎರಡಕ್ಕೂ ಒಂದೇ ತಾಮ್ರದ ಪೈಪು. ಒಂದರ ಬಿಸಿ ಇನ್ನೊಂದಕ್ಕೆ ಹೋಗುತ್ತದೆ. ಅಂದರೆ ನೀನು ಅಳೆದದ್ದು 1050 ಟಿಐ ಅಲ್ಲ. ಅಳೆದದ್ದು ಧೂಳು ಮತ್ತು ಒಣಗಿದ ಪೇಸ್ಟು (ಚಿಪ್ಪಿನ ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸುವ ಲೇಪ).

ನಮ್ಮ ಕಡೆ ಎರೆಮಣ್ಣಿನ ಧೂಳು ಭಾಳ ಸಣ್ಣ. ಫ್ಯಾನಿನ ಎಲೆಗಳಲ್ಲಿ ನಿಲ್ಲುವುದಿಲ್ಲ. ಹಿಂದೆ ತಾಮ್ರದ ಫಿನ್‌ಗಳ ಬಾಯಲ್ಲಿ ಕೂತು ಗಟ್ಟಿಯಾಗುತ್ತದೆ. ಹೊರಗಿನಿಂದ ಬ್ಲೋವರ್ ಹೊಡೆದರೆ ಅರ್ಧ ಹೊರಗೆ ಬರುತ್ತದೆ, ಅರ್ಧ ಒಳಗೇ ಉಳಿಯುತ್ತದೆ. ಕೆಳಗಿನ ಕವರ್ ಬಿಚ್ಚಿ, ಬ್ಯಾಟರಿ ಕನೆಕ್ಟರ್ ತೆಗೆದು, ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದು ಊದಬೇಕು. ಫ್ಯಾನನ್ನು ಗಾಳಿಯಲ್ಲಿ ಜೋರಾಗಿ ತಿರುಗಲು ಬಿಟ್ಟರೆ ಬೇರಿಂಗ್ ಹಾಳು.

ಹೀಟ್‌ಸಿಂಕ್ ಸ್ಕ್ರೂಗಳ ಪಕ್ಕ 1, 2, 3, 4 ಅಂತ ಬರೆದಿರುತ್ತದೆ. ಹಾಕುವಾಗ ಅದೇ ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡು. ತೆಗೆಯುವಾಗ ಉಲ್ಟಾ ಕ್ರಮ. ಪೇಸ್ಟ್ ಪ್ರೊಸೆಸರಿಗೆ ಮತ್ತು ಜಿಪಿಯುಗೆ ಮಾತ್ರ. ವಿಡಿಯೋ ಮೆಮೊರಿ ಚಿಪ್‌ಗಳ ಮೇಲೆ ಮೆತ್ತನೆ ಪ್ಯಾಡ್ ಇರುತ್ತದೆ. ಅದು ಹರಿದಿದ್ದರೆ ಅದೇ ದಪ್ಪದ ಪ್ಯಾಡ್ ಹಾಕು. ದಪ್ಪ ಜಾಸ್ತಿಯಾದರೆ ಹೀಟ್‌ಸಿಂಕ್ ಮೇಲೆದ್ದು ಜಿಪಿಯುಗೇ ಸರಿಯಾಗಿ ಕೂರುವುದಿಲ್ಲ. ಕಡಿಮೆಯಾದರೆ ಮೆಮೊರಿ ಬೇಯುತ್ತದೆ.

ಬಿಚ್ಚಿದಾಗ ಬ್ಯಾಟರಿಯನ್ನು ನೋಡು. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಕೆಳಗಿನ ಕವರ್ ಸರಿಯಾಗಿ ಕೂರದಿದ್ದರೆ ಬ್ಯಾಟರಿ ಉಬ್ಬಿದೆ ಅಂತ ಅರ್ಥ. ಉಬ್ಬಿದ ಬ್ಯಾಟರಿ ಇಟ್ಟುಕೊಂಡು ಆಟ ಆಡಿಸಬೇಡ. ಒತ್ತಬೇಡ, ಚುಚ್ಚಬೇಡ. ಇದು ಬೆಂಕಿಯ ವಿಷಯ.

ನೇಕಾರ_ಓಣಿ (ಬನಹಟ್ಟಿ)

ಕಾಕಾ ಹೇಳಿದ್ದು ಅಕ್ಷರಶಃ ನಿಜ. ನಮ್ಮಲ್ಲಿ ಧೂಳಿಗಿಂತ ಹತ್ತಿಯ ನವಿರು ಜಾಸ್ತಿ. ಮನೆಯ ಮುಂದಿನ ಭಾಗದಲ್ಲೇ ಪವರ್‌ಲೂಮ್ ಇದೆ. ನೂಲಿನಿಂದ ಏಳುವ ನವಿರು ಇಡೀ ಮನೆ ತುಂಬ ಹಾರಾಡುತ್ತದೆ. ನನ್ನ ಲ್ಯಾಪ್‌ಟಾಪ್ ಬಿಚ್ಚಿದಾಗ ಫಿನ್‌ಗಳ ಮುಂದೆ ಕಂಬಳಿ ಹೊದಿಸಿದ ಹಾಗೆ ಒಂದು ಪದರ ಕೂತಿತ್ತು. ಚಿಮಟದಲ್ಲಿ ಹಿಡಿದು ಎಳೆದರೆ ಇಡಿಯಾಗಿ ಬಂತು. ಅದೊಂದೇ ತೆಗೆದದ್ದಕ್ಕೆ 14 ಡಿಗ್ರಿ ಇಳಿಯಿತು. ಪೇಸ್ಟ್ ಮುಟ್ಟಿರಲೇ ಇಲ್ಲ.

ರಬಕವಿ, ಬನಹಟ್ಟಿ, ಗುಳೇದಗುಡ್ಡ, ಇಳಕಲ್ ಕಡೆ ಮಗ್ಗದ ಮನೆಯವರು ಇದ್ದರೆ ದಯವಿಟ್ಟು ವರ್ಷಕ್ಕೆ ಎರಡು ಸಲವಾದರೂ ಬಿಚ್ಚಿ ನೋಡಿ. ಗಾಳಿ ಒಳಗೆ ಹೋಗುವ ಜಾಲರಿಗೆ ಬಟ್ಟೆ ಕಟ್ಟುವವರನ್ನು ನೋಡಿದ್ದೇನೆ. ಅದು ಬೇಡ. ನವಿರು ನಿಲ್ಲುತ್ತದೆ, ಗಾಳಿಯೂ ನಿಲ್ಲುತ್ತದೆ. ಮಗ್ಗ ನಡೆಯುವಾಗ ಆ ಕೋಣೆಯಲ್ಲಿ ಆಡದಿರುವುದೇ ಒಳ್ಳೆಯದು.

ಘಟಪ್ರಭಾ_ದಂಡೆ (ಮುಧೋಳ)

ಇಷ್ಟೆಲ್ಲ ಯಾಕೆ ಸರ್? ಪೇಸ್ಟು, ಪ್ಯಾಡು, ರ‍್ಯಾಮು, ಎಸ್‌ಎಸ್‌ಡಿ ಅಂತ ಹಾಕುತ್ತಾ ಹೋದರೆ ದುಡ್ಡು ಕರಗುತ್ತದೆ. ಅದೇ ದುಡ್ಡು ಉಳಿಸಿ ಹೊಸದಕ್ಕೆ ಸೇರಿಸಿ. ಪ್ಯಾಸ್ಕಲ್ ಕಾಲದ (1050 ಟಿಐ ಸೇರಿದ ತಲೆಮಾರು) ಚಿಪ್ಪಿಗೆ ಎನ್ವಿಡಿಯಾ ಕೂಡ ಕೈ ಮುಗಿದಿದೆ. 2025ರ ಅಕ್ಟೋಬರ್‌ಗೆ ಹೊಸ ಆಟಗಳಿಗೆಂದು ಬರುವ ಡ್ರೈವರ್ ಮುಗಿಯಿತು. 2028ರ ಅಕ್ಟೋಬರ್ ತನಕ ಭದ್ರತೆಯ ಅಪ್‌ಡೇಟ್ ಮಾತ್ರ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 7ನೇ ತಲೆಮಾರಿನ ಈ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ. ಸುಮ್ನೆ ಮಾರಿಬಿಡಿ.

ಟಿಳಕವಾಡಿ_ತಂತಿ (ಬೆಳಗಾವಿ)

ನೀವು ಕೊಟ್ಟ ದಿನಾಂಕಗಳು ಸರಿ. ಆದರೆ ಡ್ರೈವರ್ ನಿಂತಿತು ಅಂದರೆ ಇದ್ದ ಆಟ ನಿಲ್ಲುವುದಿಲ್ಲ. ಈ ಅಣ್ಣನ ತಮ್ಮ ಆಡಬೇಕೆಂದಿರುವುದು 2019 ಮತ್ತು 2020ರ ಆಟಗಳು. ಅವುಗಳಿಗೆ ಬೇಕಾದ ಡ್ರೈವರ್ ಯಾವತ್ತೋ ಬಂದಿದೆ. ಖರ್ಚಿನ ಮಾತು ಬೇರೆ, ಅದನ್ನು ಒಪ್ಪುತ್ತೇನೆ. ಧೂಳು ತೆಗೆಯುವುದಕ್ಕೆ ಮತ್ತು ಪೇಸ್ಟಿಗೆ ಭಾಳ ಖರ್ಚಿಲ್ಲ. ಅದನ್ನು ಮೊದಲು ಮಾಡಲಿ. ಮತ್ತೆ ಅಳೆಯಲಿ. ಎಸ್‌ಎಸ್‌ಡಿಯನ್ನು ಮುಂದೆ ಹೊರಗಿನ ಡ್ರೈವ್ ಆಗಿ ಬಳಸಬಹುದು, ಆ ದುಡ್ಡು ಎಲ್ಲಿಗೂ ಹೋಗಲಿಲ್ಲ. ರ‍್ಯಾಮ್ ಮಾತ್ರ ಯೋಚಿಸಿ ತಗೊಳ್ಳಬೇಕು. 2025ರ ಕೊನೆಯಿಂದ ಬೆಲೆ ಜೋರಾಗಿ ಏರಿದೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಡಿಆರ್5 ಇರುವುದರಿಂದ ಈ ಡಿಡಿಆರ್4 ಸ್ಟಿಕ್ ಅಲ್ಲಿಗೆ ಹೋಗುವುದಿಲ್ಲ. ಯಾರಾದರೂ ಹಳೇ ಲ್ಯಾಪ್‌ಟಾಪ್ ಬಿಚ್ಚಿದವರ ಹತ್ತಿರ ಸೆಕೆಂಡ್‌ಹ್ಯಾಂಡ್ ಸಿಕ್ಕರೆ ಒಳ್ಳೆಯದು.

ಜೋರಾಪುರಪೇಟೆ (ವಿಜಯಪುರ)

ಎಲ್ಲರಿಗೂ ಧನ್ಯವಾದ. ಕಾಕಾ ಹೇಳಿದ ಹಾಗೆಯೇ ಬಿಚ್ಚಿ ಸ್ವಚ್ಛ ಮಾಡಿದೆ. ಪೇಸ್ಟ್ ಸೀಮೆಸುಣ್ಣದ ಪುಡಿಯಂತೆ ಉದುರಿತು. ಪ್ಯಾಡ್‌ಗಳು ಗಟ್ಟಿಯಾಗಿದ್ದರೂ ಹರಿದಿರಲಿಲ್ಲ, ಹಾಗೇ ಬಿಟ್ಟೆ. ಬ್ಯಾಟರಿ ಚಪ್ಪಟೆಯಾಗಿಯೇ ಇದೆ. ಸೋದರಮಾವನ ಮನೆಯಲ್ಲಿ ಕೆಟ್ಟು ಬಿದ್ದಿದ್ದ ಲ್ಯಾಪ್‌ಟಾಪಿನಿಂದ 8 ಜಿಬಿಯ ಡಿಡಿಆರ್4 ಸ್ಟಿಕ್ ಸಿಕ್ಕಿತು. ಒಂದು ಎಸ್‌ಎಸ್‌ಡಿ ಮಾತ್ರ ಹೊಸದಾಗಿ ತಗೊಂಡೆ.

ಈಗಿನ ಲೆಕ್ಕ ಹೇಳುತ್ತೇನೆ. ಕೋಣೆಯಲ್ಲಿ 35 ಡಿಗ್ರಿ. ಚಾರ್ಜರ್ ಹಾಕಿಯೇ ಇತ್ತು. ಪ್ರತಿ ಆಟವನ್ನೂ ಮೊದಲು ಅರ್ಧ ಗಂಟೆ ಆಡಿ, ಮಷೀನ್ ಬಿಸಿಯಾದ ಮೇಲೆ ಅಳೆದೆ. ತಣ್ಣಗಿರುವಾಗ ಬೆಂಚ್‌ಮಾರ್ಕ್ ಓಡಿಸಿದರೆ ಚಂದದ ಸಂಖ್ಯೆ ಬರುತ್ತದೆ. ಆಡುವವನಿಗೆ ಸಿಗುವುದು ಬಿಸಿಯಾದ ಮೇಲಿನದು, ಹಾಗಾಗಿ ಅದನ್ನೇ ಬರೆಯುತ್ತಿದ್ದೇನೆ. ಪ್ರೊಸೆಸರ್ ಈಗ 84 ಡಿಗ್ರಿ, ಜಿಪಿಯು 74. ಜಿಪಿಯು ಕ್ಲಾಕ್ 1600 ಮೆಗಾಹರ್ಟ್ಸ್‌ನ ಮೇಲೆಯೇ ನಿಂತಿದೆ. ಮೊದಲು 1400ರ ಕೆಳಗೆ ಜಾರುತ್ತಿತ್ತು.

ಸೈಬರ್‌ಪಂಕ್ 2077. ಮೊದಲಿನದೇ ಸೆಟ್ಟಿಂಗ್‌ನಲ್ಲಿ ಸರಾಸರಿ 26ರಿಂದ 31ಕ್ಕೆ ಏರಿತು. ಇದು ದೊಡ್ಡ ಮಾತಲ್ಲ. ದೊಡ್ಡ ಮಾತು ಎಂದರೆ ಕೆಳಗಿನ ತುದಿ. 10ಕ್ಕಿಂತ ಕೆಳಗೆ ಬೀಳುತ್ತಿದ್ದದ್ದು ಈಗ 23ಕ್ಕಿಂತ ಕೆಳಗೆ ಇಳಿಯುವುದಿಲ್ಲ. 2023ರ 2.0 ಅಪ್‌ಡೇಟ್ ನಂತರ ಈ ಆಟಕ್ಕೆ ಕನಿಷ್ಠ 6 ಜಿಬಿಯ ಜಿಟಿಎಕ್ಸ್ 1060, 12 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಬೇಕು ಅಂತ ತಯಾರಕರೇ ಹೇಳಿದ್ದಾರೆ. 1050 ಟಿಐ ಆ ಗೆರೆಯ ಕೆಳಗಿದೆ. ಎಫ್‌ಎಸ್‌ಆರ್ (ಕಡಿಮೆ ಪಿಕ್ಸೆಲ್‌ನಲ್ಲಿ ಚಿತ್ರ ತಯಾರಿಸಿ ದೊಡ್ಡದು ಮಾಡುವ ಸೌಲಭ್ಯ) ಬ್ಯಾಲೆನ್ಸ್ಡ್ ಹಾಕಿದಾಗ 38ರ ಆಸುಪಾಸು ಬಂತು. ಜನಸಂದಣಿಯ ಸೆಟ್ಟಿಂಗ್ ಲೋ ಮಾಡಿದರೆ ಪ್ರೊಸೆಸರಿಗೆ ಉಸಿರಾಡಲು ಜಾಗ ಸಿಗುತ್ತದೆ. ಸ್ಕ್ರೀನ್ ಸ್ಪೇಸ್ ರಿಫ್ಲೆಕ್ಷನ್ (ನೀರು, ನೆಲದ ಪ್ರತಿಬಿಂಬ) ಪೂರ್ತಿ ಆಫ್ ಮಾಡಿದೆ. ಅದು ತಿನ್ನುವಷ್ಟು ಬೇರೆ ಯಾವುದೂ ತಿನ್ನಲಿಲ್ಲ.

ಆದರೆ ಆಟದ ಬೆಂಚ್‌ಮಾರ್ಕ್ ಒಂದನ್ನೇ ನಂಬಬೇಡಿ. ನಾನು ಆಟದೊಳಗಿನ ಕಬುಕಿ ಎಂಬ ಜನನಿಬಿಡ ಪೇಟೆಯಲ್ಲಿ ನಡೆದು ನೋಡಿದೆ. ಅಲ್ಲಿ ಬೆಂಚ್‌ಮಾರ್ಕಿಗಿಂತ 6-7 ಫ್ರೇಮ್ ಕಡಿಮೆ. ಗಾಡಿಯಲ್ಲಿ ಜೋರಾಗಿ ಹೋಗುವಾಗ ನಾಲ್ಕೂ ಕೋರ್ 100. ಅಲ್ಲಿ ಜಿಪಿಯು ಬಳಕೆ ಶೇ 80ಕ್ಕೆ ಇಳಿದು ಪ್ರೊಸೆಸರಿಗಾಗಿ ಕಾಯುತ್ತದೆ.

ರೆಡ್ ಡೆಡ್ ರಿಡೆಂಪ್ಷನ್ 2. ನನಗೆ ಭಾಳ ಖುಷಿ ಕೊಟ್ಟದ್ದು ಇದೇ. ಜರ್ಕ್ ಹೋಯಿತು! ಅದು ಪೂರ್ತಿ ಹಾರ್ಡ್ ಡಿಸ್ಕ್ ಮತ್ತು 8 ಜಿಬಿ ರ‍್ಯಾಮಿನ ಕೆಲಸವಾಗಿತ್ತು. ಟೆಕ್ಸ್ಚರ್ ಹೈ, ನೆರಳು ಮತ್ತು ಬೆಳಕು ಮೀಡಿಯಂ, ನೀರಿನ ಫಿಸಿಕ್ಸ್ ಕೆಳಗೆ, ಎಂಎಸ್‌ಎಎ (ಅಂಚುಗಳನ್ನು ನುಣುಪು ಮಾಡುವ ಸೆಟ್ಟಿಂಗ್) ಆಫ್. 36ರಿಂದ 42ರ ನಡುವೆ ಆಡುತ್ತದೆ. ಸೇಂಟ್ ಡೆನಿಸ್ ಊರೊಳಗೆ 31. ಹಿಮದ ಬೆಟ್ಟದಿಂದ ಕೆಳಗೆ ಕಣಿವೆಗೆ ಇಳಿಯುವಾಗ ಪರದೆಯ ಮೇಲೆ ಕಾಣುವ ಬೆಳಕು ನೋಡಿದರೆ ಇದು 2017ರ ಮಷೀನ್ ಅಂತ ಯಾರೂ ಹೇಳುವುದಿಲ್ಲ. ತಮ್ಮ ಎದ್ದು ಊಟಕ್ಕೂ ಬರಲಿಲ್ಲ.

ಫೋರ್ಝಾ ಹೊರೈಝನ್ 5 ಲೋ-ಮೀಡಿಯಂನಲ್ಲಿ 50ರ ಮೇಲೆ. ಡೂಮ್ ಎಟರ್ನಲ್ ಸಲೀಸಾಗಿ 60. ಎಲ್ಡೆನ್ ರಿಂಗ್ 35ರ ಹತ್ತಿರ, ಅದಕ್ಕೆ ಎಫ್‌ಎಸ್‌ಆರ್ ಇಲ್ಲ.

ಬ್ಲ್ಯಾಕ್ ಮಿತ್ ವುಕಾಂಗ್‌ಗೆ ಸ್ಟೀಮ್‌ನಲ್ಲಿ ಬೆಂಚ್‌ಮಾರ್ಕ್ ಟೂಲ್ ಬೇರೆಯಾಗಿ, ಉಚಿತವಾಗಿ ಸಿಗುತ್ತದೆ. ಆಟ 2024ರ ಆಗಸ್ಟಿನಲ್ಲಿ ಬಂದದ್ದು. ಎಲ್ಲವೂ ಲೋ, ರೆಸಲ್ಯೂಷನ್ ಅರ್ಧಕ್ಕೆ ಇಳಿಸಿ 30 ಮುಟ್ಟಿತು. ಆದರೆ ಹುಲ್ಲು, ಎಲೆಗಳೆಲ್ಲ ಕಲಸಿದಂತೆ ಕಾಣುತ್ತವೆ. ಅದನ್ನು ಆಡುತ್ತದೆ ಅಂತ ನಾನು ಹೇಳುವುದಿಲ್ಲ. ದುಡ್ಡು ಕೊಡುವ ಮೊದಲೇ ಇದು ಗೊತ್ತಾಯಿತಲ್ಲ, ಅದು ಒಳ್ಳೆಯದು.

ವಿದ್ಯಾಗಿರಿ_ಹುಡುಗಿ (ಬಾಗಲಕೋಟೆ)

ಅಣ್ಣಾ, ಎಷ್ಟು ಚಂದ ವಿವರಿಸಿದ್ದೀರಿ. ನನ್ನದು ಬೇರೆ ಥರದ ಮಷೀನ್. ರೈಝನ್ 5 3500ಯು, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಒಳಗಿನ ವೇಗಾ 8 ಮಾತ್ರ. 8 ಜಿಬಿ ಒಂದೇ ಸ್ಟಿಕ್. ಇಂಜಿನಿಯರಿಂಗ್ ಕೊನೆಯ ವರ್ಷ. ಜಿಟಿಎ 5 ಆಡುತ್ತೇನೆ, ಆದರೆ ತಡವರಿಸುತ್ತದೆ. ಬಯಾಸ್‌ನಲ್ಲಿ (ಮಷೀನಿನ ಮೂಲ ಸೆಟ್ಟಿಂಗ್) ಗ್ರಾಫಿಕ್ಸಿಗೆ 2 ಜಿಬಿ ಕೊಟ್ಟರೆ ಸರಿಹೋಗುತ್ತದೆ ಅಂತ ಗೆಳತಿಯರು ಹೇಳುತ್ತಾರೆ. ಕೊಡಲಾ?

ಟಿಳಕವಾಡಿ_ತಂತಿ (ಬೆಳಗಾವಿ)

8 ಜಿಬಿಯಲ್ಲಿ ಕೊಡಬೇಡಿ ಅಕ್ಕಾ. 2 ಜಿಬಿ ತೆಗೆದಿಟ್ಟರೆ ವಿಂಡೋಸಿಗೂ ಆಟಕ್ಕೂ ಸೇರಿ 6 ಜಿಬಿಗಿಂತ ಕಡಿಮೆ ಉಳಿಯುತ್ತದೆ. ಆಮೇಲೆ ಡಿಸ್ಕ್ ಬಡಿದುಕೊಳ್ಳಲು ಶುರುವಾಗುತ್ತದೆ. ಗ್ರಾಫಿಕ್ಸಿಗೆ ಬೇಕಾದಷ್ಟು ಮೆಮೊರಿಯನ್ನು ಡ್ರೈವರ್ ತಾನೇ ರ‍್ಯಾಮಿನಿಂದ ಎತ್ತಿಕೊಳ್ಳುತ್ತದೆ.

ನಿಮ್ಮ ಮಷೀನಿಗೆ ಬೇಕಾದದ್ದು ಎರಡನೇ ಸ್ಟಿಕ್. 1050 ಟಿಐಗೆ ತನ್ನದೇ ಮೆಮೊರಿ ಇದೆ, ಸೆಕೆಂಡಿಗೆ 112 ಜಿಬಿ ಸಾಗಿಸುತ್ತದೆ. ವೇಗಾ 8ಗೆ ಅಂಥದ್ದು ಇಲ್ಲ. ಪ್ರೊಸೆಸರ್ ಬಳಸುವ ರ‍್ಯಾಮಿನಲ್ಲೇ ಅದೂ ಪಾಲು ಕೇಳುತ್ತದೆ. ಒಂದು ಸ್ಟಿಕ್ ಡಿಡಿಆರ್4-2400 ಅಂದರೆ ಸೆಕೆಂಡಿಗೆ 19 ಜಿಬಿ ಚಿಲ್ಲರೆ. ಎರಡು ಸ್ಟಿಕ್ ಹಾಕಿದರೆ ಅದರ ದುಪ್ಪಟ್ಟು. ಒಳಗಿನ ಗ್ರಾಫಿಕ್ಸ್ ಇರುವ ಮಷೀನಿಗೆ ಇದಕ್ಕಿಂತ ದೊಡ್ಡ ಸುಧಾರಣೆ ಇನ್ನೊಂದಿಲ್ಲ. ರ‍್ಯಾಮ್ ಸಿಗುವವರೆಗೆ 720ಪಿಗೆ ಇಳಿಸಿ, ಹುಲ್ಲಿನ ಸೆಟ್ಟಿಂಗ್ ನಾರ್ಮಲ್ ಮಾಡಿ.

ಘಟಪ್ರಭಾ_ದಂಡೆ (ಮುಧೋಳ)

ಜೋರಾಪುರಪೇಟೆ ಅಣ್ಣಾ, ರೆಡ್ ಡೆಡ್ ಲೆಕ್ಕ ನೋಡಿದೆ. ಇಷ್ಟು ಬರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಆದರೂ ಒಂದು ಕೇಳುತ್ತೇನೆ. ಎಫ್‌ಎಸ್‌ಆರ್ ಹಾಕಿ ಮಬ್ಬು ಮಾಡಿಕೊಳ್ಳುವ ಬದಲು ನೇರವಾಗಿ 900ಪಿಗೆ ಇಳಿಸಿದರೆ ಆಗುವುದಿಲ್ಲವಾ? ನಾನು ಯಾವಾಗಲೂ ಹಾಗೇ ಆಡುವುದು.

ಟಿಳಕವಾಡಿ_ತಂತಿ (ಬೆಳಗಾವಿ)

ಎರಡಕ್ಕೂ ಜಾಗ ಇದೆ. ಎಫ್‌ಎಸ್‌ಆರ್ 2 ಹಳೆಯ ಫ್ರೇಮ್‌ಗಳ ಮಾಹಿತಿ ಸೇರಿಸಿ ಚಿತ್ರ ಕಟ್ಟುತ್ತದೆ. 1080ಪಿ ಪರದೆಯಲ್ಲಿ ಕ್ವಾಲಿಟಿ ಅಂದರೆ ಒಳಗೆ 1280x720. ಪರ್ಫಾರ್ಮೆನ್ಸ್ ಅಂದರೆ 960x540. ಅಷ್ಟು ಕಡಿಮೆ ಪಿಕ್ಸೆಲ್‌ನಿಂದ ಕಟ್ಟಿದಾಗ ಕೂದಲು, ತಂತಿಬೇಲಿ, ದೂರದ ಎಲೆಗಳು ಮಿಣುಕುತ್ತವೆ. ಜೊತೆಗೆ ಆ ಲೆಕ್ಕಾಚಾರಕ್ಕೇ ಸ್ವಲ್ಪ ಸಮಯ ಬೇಕು. ಹೊಸ ದೊಡ್ಡ ಕಾರ್ಡಿಗೆ ಅದು ಗೊತ್ತಾಗುವುದಿಲ್ಲ. 1050 ಟಿಐಗೆ ಗೊತ್ತಾಗುತ್ತದೆ.

900ಪಿಯಲ್ಲಿ ಆ ಖರ್ಚಿಲ್ಲ. ಆದರೆ 1080ಪಿ ಪರದೆಗೆ ಅದು ಸರಿಯಾಗಿ ಭಾಗವಾಗುವುದಿಲ್ಲ, ಅಕ್ಷರಗಳು, ಮ್ಯಾಪು ಎಲ್ಲ ಮಬ್ಬಾಗುತ್ತವೆ. ಎಫ್‌ಎಸ್‌ಆರ್‌ನಲ್ಲಿ ಮೆನು, ಅಕ್ಷರ ಪೂರ್ತಿ 1080ಪಿಯಲ್ಲೇ ಇರುತ್ತವೆ. ಓದುವುದು ಜಾಸ್ತಿ ಇರುವ ಆಟಕ್ಕೆ ನಾನು ಎಫ್‌ಎಸ್‌ಆರ್ ಕ್ವಾಲಿಟಿ ಅಥವಾ ಬ್ಯಾಲೆನ್ಸ್ಡ್ ಹಾಕುತ್ತೇನೆ. ಎಲ್ಡೆನ್ ರಿಂಗ್‌ನಂತೆ ಆ ಸೌಲಭ್ಯವೇ ಇಲ್ಲದ ಆಟಕ್ಕೆ 900ಪಿ. ಡಿಎಲ್‌ಎಸ್‌ಎಸ್ (ಎನ್ವಿಡಿಯಾದ ಇಂಥದ್ದೇ ಸೌಲಭ್ಯ) ಅಂತ ಕೇಳಬೇಡಿ, ಅದು ಆರ್‌ಟಿಎಕ್ಸ್ ಕಾರ್ಡ್‌ಗಳಿಗೆ ಮಾತ್ರ.

ಜೋರಾಪುರಪೇಟೆ ಅಣ್ಣನಿಗೆ ಒಂದು ಸಲಹೆ. ಸೈಬರ್‌ಪಂಕ್‌ನ 38ನ್ನು ಹಾಗೇ ಓಡಲು ಬಿಡಬೇಡಿ. ರಿವಾಟ್ಯೂನರ್‌ನಲ್ಲಿ 30ಕ್ಕೆ ಕಟ್ಟಿಹಾಕಿ. ಪ್ರತಿ ಫ್ರೇಮಿನ ನಡುವೆ ಚಿಪ್ಪಿಗೆ ಸ್ವಲ್ಪ ಬಿಡುವು ಸಿಗುತ್ತದೆ. ಉಷ್ಣತೆ ಇಳಿಯುತ್ತದೆ, ಫ್ಯಾನ್ ಸದ್ದೂ ಇಳಿಯುತ್ತದೆ. ನಿಮ್ಮ ಊರಿನ ಬಿಸಿಲಿಗೆ ಇದು ಮುಖ್ಯ. 28 ಮತ್ತು 45ರ ನಡುವೆ ಕುಣಿಯುವ ಆಟಕ್ಕಿಂತ ಅಲ್ಲಾಡದ 30 ಎಷ್ಟೋ ಮೇಲು.

ನೇಕಾರ_ಓಣಿ (ಬನಹಟ್ಟಿ)

30 ನನಗೆ ಆಗುವುದಿಲ್ಲಪ್ಪ. ಕಣ್ಣಿಗೆ ಹಿಡಿಸುವುದಿಲ್ಲ. 40ಕ್ಕೆ ಕಟ್ಟುತ್ತೇನೆ. 40 ಅಂದರೆ ಫ್ರೇಮಿಗೆ 25 ಮಿಲಿಸೆಕೆಂಡ್, 30 ಮತ್ತು 60ರ ಸರಿಯಾಗಿ ನಡುವೆ ಬರುತ್ತದೆ. ಪರದೆ 120 ಹರ್ಟ್ಸ್ ಇದ್ದವರಿಗೆ ಇದು ಚೆನ್ನಾಗಿ ಹೊಂದುತ್ತದೆ. ನನ್ನದು 120. 60 ಹರ್ಟ್ಸ್ ಪರದೆಯವರು 30ರಲ್ಲೇ ಇರಿ, 40 ಹಾಕಿದರೆ ಫ್ರೇಮ್‌ಗಳು ಏರುಪೇರಾಗಿ ಕಾಣುತ್ತವೆ.

ಹಳ್ಳಿ ಕಡೆಯವರಿಗೆ ಇನ್ನೊಂದು. ಬೆಂಚ್‌ಮಾರ್ಕ್ ಓಡುವಾಗ ಕರೆಂಟ್ ಹೋದರೆ ಆ ಲೆಕ್ಕ ಎಸೆದುಬಿಡಿ. ಬ್ಯಾಟರಿಗೆ ಬಂದ ತಕ್ಷಣ ಜಿಪಿಯು ಮತ್ತು ಪ್ರೊಸೆಸರ್ ಎರಡೂ ಕಡಿಮೆ ವಿದ್ಯುತ್ತಿನಲ್ಲಿ ಓಡುತ್ತವೆ. ಎನ್ವಿಡಿಯಾದ ಬ್ಯಾಟರಿ ಬೂಸ್ಟ್ ಆನ್ ಇದ್ದರೆ 30ಕ್ಕೆ ತಾನೇ ಕಟ್ಟಿಹಾಕುತ್ತದೆ. ನಮ್ಮ ಓಣಿಯ ಹುಡುಗನೊಬ್ಬ ಇದು ಗೊತ್ತಿಲ್ಲದೆ ಕಾರ್ಡ್ ಕೆಟ್ಟಿದೆ ಅಂತ ಲ್ಯಾಪ್‌ಟಾಪ್ ಮಾರಲು ಹೊರಟಿದ್ದ. ತಡೆದು, ಚಾರ್ಜರ್ ಹಾಕಿ ತೋರಿಸಿದೆವು.

ವಿದ್ಯಾಗಿರಿ_ಹುಡುಗಿ (ಬಾಗಲಕೋಟೆ)

ಇಷ್ಟು ದೊಡ್ಡ ಆಟಗಳನ್ನು ಇಳಿಸಿಕೊಳ್ಳುವುದು ಹೇಗೆ? ರೆಡ್ ಡೆಡ್ 150 ಜಿಬಿ ಅಂತ ತೋರಿಸುತ್ತಿದೆ. ನನ್ನದು ಮೊಬೈಲ್ ಡೇಟಾ.

ಜೋರಾಪುರಪೇಟೆ (ವಿಜಯಪುರ)

ಒಂದೇ ವೈಫೈನಲ್ಲಿರುವ ಇನ್ನೊಂದು ಕಂಪ್ಯೂಟರಿನಿಂದ ಆಟವನ್ನು ಎಳೆದುಕೊಳ್ಳುವ ಸೌಲಭ್ಯ ಸ್ಟೀಮ್‌ನಲ್ಲಿ 2023ರಿಂದ ಇದೆ ತಂಗಿ. ಸೆಟ್ಟಿಂಗ್‌ನ ಡೌನ್‌ಲೋಡ್ ಭಾಗದಲ್ಲಿ ಸಿಗುತ್ತದೆ. ಗೆಳತಿಯ ಹತ್ತಿರ ಅದೇ ಆಟ ಇದ್ದರೆ ಇಂಟರ್‌ನೆಟ್ ಡೇಟಾ ಹೆಚ್ಚುಕಡಿಮೆ ಖರ್ಚಾಗುವುದೇ ಇಲ್ಲ. ಆಟ ಮಾತ್ರ ನಿನ್ನ ಖಾತೆಯಲ್ಲೂ ಇರಬೇಕು.

ಖರೀದಿ ಮಾಡಿ ಪರೀಕ್ಷೆ ಮಾಡುವವರು ಇದನ್ನೂ ನೆನಪಿಡಿ. ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಸ್ಟೀಮ್ ದುಡ್ಡು ವಾಪಸ್ ಕೊಡುತ್ತದೆ. ಆಟದೊಳಗೆ ಶೇಡರ್ (ಬೆಳಕು, ಬಣ್ಣ ಲೆಕ್ಕ ಹಾಕುವ ಸಣ್ಣ ಪ್ರೋಗ್ರಾಂ) ತಯಾರಾಗುವ ಹೊತ್ತೂ ಆ 2 ಗಂಟೆಯ ಲೆಕ್ಕಕ್ಕೇ ಸೇರುತ್ತದೆ. ಹಳೇ ಪ್ರೊಸೆಸರಿನಲ್ಲಿ ಅದು ಸಾಕಷ್ಟು ಹೊತ್ತು ಹಿಡಿಯುತ್ತದೆ. ಹಾಗಾಗಿ ಮೊದಲು ನೇರ ಸೆಟ್ಟಿಂಗ್‌ಗೆ ಹೋಗಿ, ಬೆಂಚ್‌ಮಾರ್ಕ್ ಓಡಿಸಿ, ಆಮೇಲೆ ಜನಸಂದಣಿ ಇರುವ ಜಾಗದಲ್ಲಿ ಓಡಾಡಿ. ಕಥೆ ಆಮೇಲೆ.

ಘಟಪ್ರಭಾ_ದಂಡೆ (ಮುಧೋಳ)

ಹಾಗಾದರೆ ಈ ಚಿಪ್ಪಿನಲ್ಲಿ ಓಡದೇ ಇರುವ ಆಟಗಳು ಯಾವುವು? ಅದನ್ನೂ ಬರೆದಿಡಿ. ನನ್ನ ಹತ್ತಿರವೂ ಇದೇ ಪ್ಯಾಸ್ಕಲ್ ಕಾರ್ಡ್ ಇದೆ.

ಟಿಳಕವಾಡಿ_ತಂತಿ (ಬೆಳಗಾವಿ)

ನಿಧಾನವಾಗಿ ಓಡುವುದು ಬೇರೆ, ಓಡಲೇ ಆಗದಿರುವುದು ಬೇರೆ. ಇಂಡಿಯಾನಾ ಜೋನ್ಸ್ ಅಂಡ್ ದ ಗ್ರೇಟ್ ಸರ್ಕಲ್ (2024ರ ಡಿಸೆಂಬರ್) ಮತ್ತು ಡೂಮ್ ದ ಡಾರ್ಕ್ ಏಜಸ್ (2025ರ ಮೇ) ಎರಡಕ್ಕೂ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳನ್ನು ಲೆಕ್ಕ ಹಾಕುವ) ಹಾರ್ಡ್‌ವೇರ್ ಕಡ್ಡಾಯ. ಆ ಆಟಗಳ ಬೆಳಕೆಲ್ಲ ಅದರ ಮೇಲೆಯೇ ನಿಂತಿದೆ. ಸೆಟ್ಟಿಂಗ್ ಎಷ್ಟೇ ಇಳಿಸಿದರೂ 1050 ಟಿಐಗೆ ದಾರಿಯಿಲ್ಲ.

2023ರ ಅಲನ್ ವೇಕ್ 2 ಮೆಶ್ ಶೇಡರ್ (ವಸ್ತುಗಳ ಆಕಾರ ಕಟ್ಟುವ ಹೊಸ ವಿಧಾನ) ಬಳಸುತ್ತದೆ. ಅದು ಎನ್ವಿಡಿಯಾದಲ್ಲಿ ಜಿಟಿಎಕ್ಸ್ 16 ಮತ್ತು ಆರ್‌ಟಿಎಕ್ಸ್ 20 ಸರಣಿಯಿಂದ ಬಂತು. 2024ರಲ್ಲಿ ಒಂದು ಅಪ್‌ಡೇಟ್ ಕೊಟ್ಟು ಹಳೇ ಕಾರ್ಡ್‌ಗಳಿಗೆ ಸ್ವಲ್ಪ ಸುಧಾರಿಸಿದರು. ಅದೂ 1070, 1080 ಥರದ ದೊಡ್ಡ ಕಾರ್ಡಿನವರಿಗೆ. 4 ಜಿಬಿಯವರಿಗೆ ಅಲ್ಲ.

ನನ್ನ ಲ್ಯಾಪ್‌ಟಾಪಿನಲ್ಲೂ 1050 ಟಿಐ ಇದೆ. ಇಲ್ಲಿ ಮಳೆ ಹಿಡಿದ ದಿನ, ಕೋಣೆಯಲ್ಲಿ 24 ಡಿಗ್ರಿ ಇರುವಾಗ ರೆಡ್ ಡೆಡ್ ಓಡಿಸಿದರೆ ಜಿಪಿಯು 65. ವಿಜಯಪುರದ 35 ಡಿಗ್ರಿ ಕೋಣೆಯಲ್ಲಿ ಅಣ್ಣನದು 74. ಮಷೀನ್ ಬೇರೆ ಬೇರೆ, ಆದರೂ ವ್ಯತ್ಯಾಸ ಹೆಚ್ಚುಕಡಿಮೆ ಕೋಣೆಯದೇ. ಗಾಳಿಯಲ್ಲಿ ತಣ್ಣಗಾಗುವ ಮಷೀನಿನಲ್ಲಿ ಕೋಣೆ ಒಂದು ಡಿಗ್ರಿ ಏರಿದರೆ ಚಿಪ್ಪೂ ಸುಮಾರು ಅಷ್ಟೇ ಏರುತ್ತದೆ. ಯಾರಾದರೂ ಎಫ್‌ಪಿಎಸ್ ಹಾಕುವಾಗ ಕೋಣೆಯ ಉಷ್ಣತೆಯನ್ನೂ ಬರೆಯಿರಿ. ಡಿಸೆಂಬರಿನ ಬೆಳಗಾವಿ ಲೆಕ್ಕವನ್ನು ಮೇ ತಿಂಗಳ ಬಾಗಲಕೋಟೆಗೆ ಹೋಲಿಸಿದರೆ ಅನ್ಯಾಯವಾಗುತ್ತದೆ.

ಸ್ಕ್ರೂಡ್ರೈವರ್_ಕಾಕಾ (ವಿಜಯಪುರ)

ಸರಿಯಾಗಿ ಹೇಳಿದಿರಿ. ಕೂಲಿಂಗ್ ಪ್ಯಾಡ್ ತಗೊಳ್ಳುವ ಮೊದಲು ಲ್ಯಾಪ್‌ಟಾಪಿನ ಹಿಂಭಾಗವನ್ನು ಎರಡು ಬಾಟಲಿ ಮುಚ್ಚಳದ ಮೇಲೆ ಎತ್ತಿಟ್ಟು ನೋಡಿ. ಕೆಳಗಿನಿಂದ ಗಾಳಿ ಎಳೆಯುವ ಮಷೀನಿಗೆ ಅಷ್ಟಕ್ಕೇ ಕೆಲವು ಡಿಗ್ರಿ ಇಳಿಯುತ್ತದೆ. ಹಾಸಿಗೆ ಮೇಲೆ ಇಟ್ಟು ಆಡುವುದು ಬೇಡವೇ ಬೇಡ. ಫರ್‌ಮಾರ್ಕ್ ಥರದ ಸುಡುವ ಪರೀಕ್ಷೆಯನ್ನೂ ಹಳೇ ಮಷೀನಿಗೆ ಹಾಕಬೇಡಿ. ಯಾವ ಆಟವೂ ಅಷ್ಟು ಸುಡುವುದಿಲ್ಲ.

ಇನ್ನೂ ಬಿಸಿ ಅನಿಸಿದರೆ ವಿಂಡೋಸ್ ಪವರ್ ಸೆಟ್ಟಿಂಗ್‌ನಲ್ಲಿ ಪ್ರೊಸೆಸರಿನ ಗರಿಷ್ಠ ಮಟ್ಟವನ್ನು 99ಕ್ಕೆ ಇಳಿಸು ತಮ್ಮಾ. ಟರ್ಬೊ ಬಂದ್ ಆಗಿ 2.5 ಗಿಗಾಹರ್ಟ್ಸ್‌ನಲ್ಲಿ ನಿಲ್ಲುತ್ತದೆ. ರೆಡ್ ಡೆಡ್‌ಗೆ ಇದು ನಡೆಯಬಹುದು. ಸೈಬರ್‌ಪಂಕ್‌ಗೆ ಬೇಡ, ಅಲ್ಲಿ ನಿನ್ನ ನಾಲ್ಕು ಕೋರ್ ಈಗಾಗಲೇ ಸಾಲುತ್ತಿಲ್ಲ.

ಜೋರಾಪುರಪೇಟೆ (ವಿಜಯಪುರ)

ಕಾಕಾ, ಮುಚ್ಚಳದ ಉಪಾಯ ಮಾಡಿದೆ. ಪ್ರೊಸೆಸರ್ 84ರಿಂದ 80ಕ್ಕೆ ಬಂತು. ಸೈಬರ್‌ಪಂಕ್ 30ಕ್ಕೆ ಕಟ್ಟಿದ ಮೇಲೆ 76. ಕಬುಕಿಯಲ್ಲೂ ಈಗ ಗೆರೆ ಹೆಚ್ಚುಕಡಿಮೆ ಸಪಾಟು.

ತಮ್ಮನಿಗೆ ಇವೆರಡು ಆಟ ಹಾಕಿಕೊಟ್ಟಿದ್ದೇನೆ. ವುಕಾಂಗ್ ಮತ್ತು ಹೊಸ ಡೂಮ್ ಹೊಸ ಲ್ಯಾಪ್‌ಟಾಪ್ ಬಂದ ಮೇಲೆ. ಅಪ್ಪನಿಗೂ ಅದನ್ನೇ ಹೇಳಿದೆ, ಅವಸರ ಇಲ್ಲ ಅಂತ.

ವಿದ್ಯಾಗಿರಿ_ಹುಡುಗಿ (ಬಾಗಲಕೋಟೆ)

ಕಾಕಾ, ನನ್ನ ಲ್ಯಾಪ್‌ಟಾಪಿನಲ್ಲಿ ಎರಡನೇ ಸ್ಲಾಟ್ ಇದೆಯಾ ಇಲ್ಲವಾ ಅಂತ ಬಿಚ್ಚದೆ ತಿಳಿಯುವುದು ಹೇಗೆ?

ಸ್ಕ್ರೂಡ್ರೈವರ್_ಕಾಕಾ (ವಿಜಯಪುರ)

ಟಾಸ್ಕ್ ಮ್ಯಾನೇಜರ್ ತೆಗೆ, ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ಒತ್ತು. ಎಷ್ಟು ಸ್ಲಾಟಿನಲ್ಲಿ ಎಷ್ಟು ತುಂಬಿದೆ ಅಂತ ಕೆಳಗೆ ತೋರಿಸುತ್ತದೆ ತಂಗಿ. 2ರಲ್ಲಿ 1 ಅಂತ ಇದ್ದರೆ ಜಾಗ ಇರಬಹುದು. ಆದರೆ ಕೆಲವು ತೆಳು ಮಾಡೆಲ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಅಲ್ಲಿ ಈ ಲೆಕ್ಕ ತಪ್ಪು ತೋರಿಸುವುದೂ ಉಂಟು. ದುಡ್ಡು ಕೊಡುವ ಮೊದಲು ನಿನ್ನ ಮಾಡೆಲ್ ನಂಬರಿನ ಸರ್ವಿಸ್ ಮ್ಯಾನ್ಯುಯಲ್ ತೆಗೆದು ನೋಡು. ಕಂಪನಿಯ ವೆಬ್‌ಸೈಟಿನಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ಸಿಗದಿದ್ದರೆ ಮಾಡೆಲ್ ನಂಬರ್ ಇಲ್ಲೇ ಹಾಕು, ನೋಡಿ ಹೇಳುತ್ತೇನೆ.